ನಿಂತೇ ಇದ್ದ ಹಿರಿಯರು

ಹಿದಾರ್ ತಿಂಗಳ ಇಪ್ಪತ್ತು
ಮನೆಯಿಂದ

ಜೆರಿಹುನ್‌ಗೆ,

ನೀನು ಕ್ಷೇಮವೆಂದು ನಿನ್ನ ವಿಭಾಗದ ವೆಬ್‌ಸೈಟ್ ನೋಡಿದ ಹುಡುಗರು ಹೇಳುತ್ತಾರೆ. ಹೊಸ ಫೋಟೋದಲ್ಲಿ ಕನ್ನಡಕ ಬದಲಾಗಿದೆಯಂತೆ, ಕೂದಲು ಹಿಂದಕ್ಕೆ ಸರಿದಿದೆಯಂತೆ. ನಾನೂ ಕ್ಷೇಮ. ಇಷ್ಟು ಬರೆಯುವುದಕ್ಕೆ ಬೆಳಗಿನಿಂದ ಹಾಳೆ ಹರಿಯುತ್ತ ಕೂತಿದ್ದೇನೆ. ಇನ್ನು ಉಪಚಾರದ ಮಾತು ಸಾಕು.

ಎಷ್ಟೋ ವರ್ಷದ ಮೇಲೆ ನಿನಗೆ ಕಾಗದ ಬರೆಯುತ್ತಿದ್ದೇನೆ. ಇದನ್ನು ನಾನಾಗಿ ಬರೆಯುತ್ತಿಲ್ಲ, ಅದು ಮೊದಲೇ ನಿನ್ನ ಮನಸ್ಸಿನಲ್ಲಿರಲಿ. ನನ್ನಿಂದ ಬರೆಸುತ್ತಿದ್ದಾರೆ. ಮೊನ್ನೆ ಮಂಗಳವಾರ ಬೆಳಿಗ್ಗೆ ಮೂವರು ಹಿರಿಯರು ಹೇಳದೆ ಕೇಳದೆ ನನ್ನ ಬಾಗಿಲಿಗೆ ಬಂದು ನಿಂತರು. ನಿನಗೆ ಲೆಕ್ಕ ಕಲಿಸಿದ ಗಾಶೆ ದಾಮ್ತೆವ್, ಚರ್ಚಿನ ಅಬ್ಬಾ ತೆಕ್ಲೆ, ಕೆಳಗಿನ ಹಳ್ಳಿಯ ಶೆಮ್ಸು. ಮೂವರೂ ಒಗೆದ ಬಿಳಿ ಶಾಲು ಹೊದ್ದಿದ್ದರು. ಹೆಣ್ಣು ಕೇಳಲು ಬಂದವರ ಹಾಗೆ ಸಾಲಾಗಿ ನಿಂತರು. ಈ ವಯಸ್ಸಿನಲ್ಲಿ ನನ್ನನ್ನು ಯಾರಿಗಪ್ಪಾ ಕೇಳಲು ಬಂದರು ಎಂದು ನನಗೆ ನಗುವೂ ಬಂತು.

ಒಳಗೆ ಕರೆದೆ. ನೆಲಕ್ಕೆ ಹಸಿ ಹುಲ್ಲು ಹಾಸಿತ್ತು, ನಾಲ್ಕು ಮಣೆ ಇಟ್ಟಿತ್ತು, ಕೆಂಡವೂ ಸಿದ್ಧವಿತ್ತು. ಕಾಫಿ ಬೀಜವನ್ನು ಅವರ ಕಣ್ಣೆದುರಿಗೇ ಹುರಿಯುತ್ತೇನೆ, ಕೂತುಕೊಳ್ಳಿ ಎಂದೆ. ಯಾರೂ ಕೂರಲಿಲ್ಲ. ನಮ್ಮಲ್ಲಿ ಕೇಳಲು ಬಂದ ಹಿರಿಯರು ಕೂರಲಿಲ್ಲವೆಂದರೆ ಏನರ್ಥವೆಂದು ನೀನು ಮರೆತಿರಲಾರೆ. ನಮ್ಮ ಮದುವೆಯ ಮಾತಿಗೆ ಬಂದಾಗ ನಿಮ್ಮ ಕಡೆಯವರು ನಮ್ಮಪ್ಪನ ಮುಂದೆ ಮಧ್ಯಾಹ್ನದವರೆಗೂ ಹಾಗೇ ನಿಂತಿದ್ದರು. ಕೊಟ್ಟೆ ಅನ್ನುವವರೆಗೂ ಕೂರುವುದಿಲ್ಲ, ಮನೆಯ ನೀರೂ ಮುಟ್ಟುವುದಿಲ್ಲ.

"ಕೂತ್ಕೊಳ್ಳಿ ಗಾಶೆ, ಮಂಡಿ ನೋಯುತ್ತೆ ನಿಮಗೆ" ಎಂದೆ.

"ಮಂಡಿ ನಂದು, ನಿನಗ್ಯಾಕೆ ಅದರ ಉಸಾಬರಿ? ಕೇಳಿದ್ದು ಕೊಡ್ತೀನಿ ಅನ್ನು, ಕೂರ್ತೀವಿ."

"ಏನು ಕೊಡಬೇಕು?"

"ನಿನ್ನ ಗಂಡನ್ನ."

ಅಬ್ಬಾ ತೆಕ್ಲೆ ಕೆಮ್ಮಿ, ಮಾತು ಸರಿಮಾಡಲು ನೋಡಿದರು. "ನಮ್ಮ ಯೂನಿವರ್ಸಿಟಿಗೆ ಕಣಮ್ಮ. ಎರಡು ವರ್ಷದ ಮಟ್ಟಿಗೆ."

ಸಂಗತಿ ಇಷ್ಟು. ನಮ್ಮ ಸಸ್ಯರೋಗ ವಿಭಾಗದ ಪಿಎಚ್‌ಡಿ ಮುಚ್ಚುವ ಹಂತಕ್ಕೆ ಬಂದಿದೆ. ಪೂರ್ಣ ಪ್ರೊಫೆಸರ್ ಒಬ್ಬರು ಎರಡು ವರ್ಷ ಇಲ್ಲೇ ಇದ್ದು ಮಾರ್ಗದರ್ಶನ ಮಾಡುವುದಾಗಿ ಸಹಿ ಹಾಕದಿದ್ದರೆ ಈಸ್ಟರ್ ಹೊತ್ತಿಗೆ ಅನುಮತಿ ಹೋಗುತ್ತದೆ. ಇರುವ ವಿದ್ಯಾರ್ಥಿಗಳನ್ನು ರಾಜಧಾನಿಗೆ ಸಾಗಿಸುತ್ತಾರೆ. ಇರುವವರು ಇಬ್ಬರು, ಲಾಕೆಚ್ ಮತ್ತು ನುರೆದಿನ್. ಲಾಕೆಚ್‌ಳ ಕೆಲಸವೆಲ್ಲ ಮಣ್ಣಿನಲ್ಲಿದೆ. ಶೆಮ್ಸುವಿನ ತೋಟದ ಪಕ್ಕ ಸಾಲು ಸಾಲಾಗಿ ಎನ್ಸೆಟ್ ಬಾಳೆ ನೆಟ್ಟು, ಸೊರಗು ರೋಗ ಯಾವ ತಳಿಗೆ ತಡವಾಗಿ ಹತ್ತುತ್ತದೆಂದು ನೋಡುತ್ತಿದ್ದಾಳೆ. ನಾಲ್ಕು ವರ್ಷದ ಗಿಡಗಳನ್ನು ಬಸ್ಸಿನ ಮೇಲೆ ಹೇರಿಕೊಂಡು ಹೋಗಲು ಆಗುತ್ತದೆಯೇ? ಅವಳಿಗೆ ಎರಡು ಸಣ್ಣ ಮಕ್ಕಳು ಬೇರೆ. ರಾಜಧಾನಿಗೆ ಹೋಗು ಎಂದರೆ ಬಿಡು ಎಂದೇ ಅರ್ಥ. ನಾನು ಸಹಿ ಹಾಕುವಂತಿಲ್ಲ, ನಾನಿನ್ನೂ ಪ್ರೊಫೆಸರ್ ಅಲ್ಲ. ವಾರಪೂರ್ತಿ ಪಾಠ ಮಾಡುವವಳಿಗೆ ಲೇಖನ ಬರೆಯಲು ಪುರುಸೊತ್ತೆಲ್ಲಿ? ಇದನ್ನು ಹೊಟ್ಟೆಕಿಚ್ಚು ಅಂದುಕೊಂಡರೆ ಅಂದುಕೋ. ಸ್ವಲ್ಪ ಹೊಟ್ಟೆಕಿಚ್ಚೇ.

ಇದನ್ನೆಲ್ಲ ನಾನು ಹಿರಿಯರಿಗೆ ಹೇಳಬೇಕಾಗಲಿಲ್ಲ, ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವರನ್ನು ಕಳಿಸಿದ್ದು ಯಾರು ಎಂದು ಕೇಳಿದೆ. ಹಿರಿಯರು ಅದನ್ನೆಲ್ಲ ಬಾಯಿ ಬಿಡುತ್ತಾರೆಯೇ? ಲಾಕೆಚ್ ಇರಬೇಕು ಎಂದುಕೊಂಡೆ.

"ಅವನಿಗೆ ಇಮೇಲ್ ಮಾಡಿ, ನನ್ನ ಹತ್ತಿರ ಯಾಕೆ ಬಂದ್ರಿ" ಎಂದೆ. ಡೀನ್ ಆಗಲೇ ಮಾಡಿದ್ದಾರೆ, ಜನವರಿಯಲ್ಲಿ ಎರಡು ವಾರ ಖಂಡಿತ ಬರುತ್ತೇನೆ, ಕಳೆದ ಸಲದ ಹಾಗೇ ಉಪನ್ಯಾಸಮಾಲೆ ಇಟ್ಟುಕೊಳ್ಳೋಣ ಎಂದು ನೀನು ಸಂತೋಷದಿಂದ ಉತ್ತರ ಬರೆದಿದ್ದೀಯ ಎಂದು ಅವರೇ ಹೇಳಿದರು. ಆಗ ಶೆಮ್ಸು ಬಾಯಿಬಿಟ್ಟ.

"ಕಳೆದ ಸಲ ನಮ್ಮ ತೋಟಕ್ಕೂ ಬಂದಿದ್ನಲ್ಲ. ಎಷ್ಟು ಫೋಟೋ ತೆಗ್ದ ಅಂತೀನಿ! ಗಿಡ ಏನೋ ಸತ್ತೋಯ್ತು. ಅದರ ಫೋಟೋ ಅಲ್ಲಿ ಚಳೀಲಿ ಚೆನ್ನಾಗಿರಬೇಕು."

ಜೆರಿಹುನ್, ಕಳೆದ ಸಲದ ಬಗ್ಗೆ ನಿನಗೆ ಯಾರೂ ಹೇಳದ್ದನ್ನು ನಾನು ಹೇಳಬೇಕು. ಕೋಪ ಮಾಡಿಕೊಳ್ಳುವುದಿದ್ದರೆ ಪೂರ್ತಿ ಓದಿಯೇ ಮಾಡಿಕೋ.

ಹೊರನಾಡಿನ ವಿದ್ವಾಂಸರನ್ನು ಕರೆಸುವ ಯೋಜನೆ ಶುರುವಾದ ಮೇಲೆ ನಮ್ಮಲ್ಲಿಗೆ ಹಲವರು ಬಂದರು. ಒಬ್ಬರು ಟೊರೊಂಟೊದಿಂದ ಪರದೆಯ ಮೇಲೆ ಬರುತ್ತಿದ್ದರು. ನೆಟ್ ಕೈಕೊಟ್ಟಾಗ ಬಾಯಿ ಒಂದು ಕಡೆ, ಮಾತು ಇನ್ನೊಂದು ಕಡೆ. ಆದರೂ ಪಾಪ, ವರ್ಷವಿಡೀ ಬಿಡದೆ ಬಂದರು, ಹುಡುಗರ ಬರಹವನ್ನು ಸಾಲು ಸಾಲು ತಿದ್ದಿದರು. ಅವರಿಂದ ಉಪಕಾರವಾಗಿದೆ. ನೀನು ಖುದ್ದಾಗಿ ಬಂದೆ. ಗೇಟಿನ ಮೇಲೆ ನಿನ್ನ ಮುಖದ ಬ್ಯಾನರ್ ಕಟ್ಟಿದರು. ಊಟಕ್ಕೆ ಕೂತಾಗ ಡೀನ್, ರಿಜಿಸ್ಟ್ರಾರ್, ಕೊನೆಗೆ ಗ್ರಂಥಪಾಲಕರು ಕೂಡ ಮರ್ಯಾದೆಗೆಂದು ತುತ್ತು ಮಾಡಿ ನಿನ್ನ ಬಾಯಿಗಿಟ್ಟರು. ಒಬ್ಬರ ತುತ್ತು ನುಂಗುವ ಮೊದಲೇ ಇನ್ನೊಬ್ಬರದು, ನಿನಗೆ ಮಾತಾಡಲು ಬಾಯಿಯೇ ಖಾಲಿ ಇರಲಿಲ್ಲ. ಮಾರನೆಯ ದಿನ ನೀನು ಸಭಾಂಗಣದಲ್ಲಿ ಹೇಳಿದೆ: ಹಳ್ಳಿ ಹಳ್ಳಿಯಿಂದ ರೋಗದ ಬ್ಯಾಕ್ಟೀರಿಯಾ ತಂದು ಡೀಪ್ ಫ್ರೀಜರಿನಲ್ಲಿ ಕಾಪಾಡಿ, ವರ್ಷದ ಕೊನೆಗೆ ಎಲ್ಲವನ್ನೂ ಹೋಲಿಸಿ ನೋಡಿ. ನಿನ್ನ ವಿಶ್ವವಿದ್ಯಾಲಯದಿಂದ ಫ್ರೀಜರನ್ನೂ ಕೊಡಿಸಿದೆ. ನುರೆದಿನ್ ಎದ್ದು ನಿಂತು, ತಲೆಬಾಗಿಸಿ, ಹಿರಿಯರಿಗೆ ಅನ್ನುವ ಹಾಗೆ ನಿನಗೂ ಆಗಲಿ ಗಾಶೆ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು.

ನಮ್ಮೂರಿನಲ್ಲಿ ಕರೆಂಟು ಹೋದರೆ ದಿನಗಟ್ಟಲೆ ಬರುವುದಿಲ್ಲ ಎಂದು ಆ ಸಭಾಂಗಣದಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಜನರೇಟರು ಗ್ರಂಥಾಲಯಕ್ಕೇ ಸಾಲದು. ನುರೆದಿನ್‌ಗೂ ಗೊತ್ತಿತ್ತು. ಆದರೂ ಅವನು ಕಾಲ್ನಡಿಗೆಯಲ್ಲಿ ಹಳ್ಳಿಗಳನ್ನು ಸುತ್ತಿ ಮಾದರಿ ತಂದ, ಫ್ರೀಜರಿನಲ್ಲಿಟ್ಟ. ಕರೆಂಟು ಹೋಯಿತು, ಎಲ್ಲ ಕೊಳೆಯಿತು. ಮತ್ತೆ ಹೋಗಿ ತಂದ. ಮತ್ತೆ ಕೊಳೆಯಿತು. ಹೀಗೆ ವರ್ಷ ಕಳೆಯಿತು. ಕೊನೆಗೊಂದು ದಿನ ನಾನು ರೇಗಿ ಕೇಳಿದೆ, ಆಗುವುದಿಲ್ಲವೆಂದು ಆವತ್ತೇ ಹೇಳಬಾರದಿತ್ತೇ ಎಂದು. ಅವನು ನನ್ನನ್ನು ವಿಚಿತ್ರವಾಗಿ ನೋಡಿದ.

"ಅವರು ಅತಿಥಿ ಅಲ್ವಾ ಮೇಡಂ? ಅಷ್ಟು ದೂರದಿಂದ ಬಂದಿದ್ರು. ಮುಖಕ್ಕೆ ಹೊಡೆದ ಹಾಗೆ ಆಗಲ್ಲ ಅನ್ನೋಕಾಗುತ್ತಾ? ನೀವೂ ಮುಂದಿನ ಸಾಲಲ್ಲೇ ಕೂತಿದ್ರಲ್ಲ."

ಕೂತಿದ್ದೆ. ನಾನೂ ಚಪ್ಪಾಳೆ ತಟ್ಟಿದೆ. ಅತಿಥಿಯ ಮಾತು ಮುರಿಯುವುದು ನಮಗೆ ಯಾರಿಗೂ ಬರುವುದಿಲ್ಲ. ನೀನು ಮಾತ್ರ ಅದನ್ನು ಒಪ್ಪಿಗೆ ಎಂದುಕೊಂಡು ವಿಮಾನ ಹತ್ತಿದೆ. ಅಲ್ಲಿ ಇಷ್ಟು ವರ್ಷ ಇದ್ದು, ಒಪ್ಪಿದವರ ಹೂಂ ಯಾವುದು, ಮರ್ಯಾದೆಯ ಹೂಂ ಯಾವುದು ಎನ್ನುವುದೇ ನಿನಗೆ ಮರೆತುಹೋಗಿದೆ. ಇದು ನನಗೆ ಫ್ರೀಜರಿಗಿಂತ ಹೆಚ್ಚು ದುಃಖ ಕೊಟ್ಟಿತು.

ಅದಕ್ಕೇ ಹೇಳುತ್ತಿದ್ದೇನೆ, ಜನವರಿಯಲ್ಲಿ ಎರಡು ವಾರಕ್ಕೆ ಬರುವುದಾದರೆ ಬರಲೇಬೇಡ. ಮತ್ತೆ ಬ್ಯಾನರ್ ಕಟ್ಟುತ್ತಾರೆ, ಮತ್ತೆ ತುತ್ತು ಇಡುತ್ತಾರೆ, ನೀನು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ. ಆ ಹುಡುಗನ ಇನ್ನೊಂದು ವರ್ಷ ಹೋಗುತ್ತದೆ. ಬರುವುದಾದರೆ ಮನೆಯವನ ಹಾಗೆ ಬಾ. ಮನೆಯವನಿಗೆ ಯಾರೂ ಮರ್ಯಾದೆ ಮಾಡುವುದಿಲ್ಲ. ಕೊನೆಯಲ್ಲಿ ಉಣ್ಣುತ್ತಾನೆ, ಕರೆಂಟಿಲ್ಲದಾಗ ಎಲ್ಲರ ಜೊತೆ ಬೈದುಕೊಂಡು ಕೂರುತ್ತಾನೆ, ತಪ್ಪು ಹೇಳಿದರೆ ಬೈಸಿಕೊಳ್ಳುತ್ತಾನೆ. ಎರಡನೆಯ ಮಳೆಗಾಲವನ್ನೂ ಇಲ್ಲಿ ಕಂಡವನಿಗೆ ನುರೆದಿನ್ ಆಗಲ್ಲ ಎಂದು ಹೇಳಿಯೇ ಹೇಳುತ್ತಾನೆ. ವಿಭಾಗದ ಮುಖ್ಯಸ್ಥೆ ನಾನು, ಅದೂ ನೆನಪಿರಲಿ. ನಿನ್ನ ರಜೆಯ ಅರ್ಜಿ ನನ್ನ ಮೇಜಿಗೇ ಬರುತ್ತದೆ.

ಇನ್ನೊಂದು ಮಾತು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಬರೆದೇಬಿಡುತ್ತೇನೆ. ಆ ಸಲ ನೀನು ಡೀನ್ ಜೊತೆ ಈ ಮನೆಗೂ ಬಂದಿದ್ದೆ. ನಾನು ಕಾಫಿ ಹುರಿದು, ಕುಟ್ಟಿ, ಕಾಯಿಸಿ ಮೊದಲ ಬಟ್ಟಲು ಕೊಟ್ಟೆ. ಅದನ್ನು ಕುಡಿದು, ಕಾರು ಕಾಯುತ್ತಿದೆ ಎಂದು ಎದ್ದೆ. ಎರಡನೆಯ ಸುತ್ತಿಗೆ ನಿಲ್ಲಲಿಲ್ಲ, ಮನೆಯನ್ನು ಹರಸುವ ಮೂರನೆಯ ಸುತ್ತಿಗಂತೂ ಇಲ್ಲವೇ ಇಲ್ಲ. ಊರಿನ ಯಾವ ಮನೆಯಲ್ಲೂ ಯಾರೂ ಹಾಗೆ ಎದ್ದು ಹೋಗುವುದಿಲ್ಲ. ಡೀನ್ ನನ್ನ ಮುಖ ನೋಡಲಾರದೆ ಚಪ್ಪಲಿ ಹುಡುಕುವ ನೆಪ ಮಾಡಿದರು. ನಾನು ಉಳಿದ ಎರಡು ಸುತ್ತನ್ನೂ ಒಬ್ಬಳೇ ಕುಡಿದೆ. ಆಗಲೇ ಅತ್ತೆನೆಂದುಕೊಳ್ಳಬೇಡ. ಅತ್ತದ್ದು ಆಮೇಲೆ.

ನಾವಿಬ್ಬರೂ ಓದಿ ಬಂದೇ ಬರುತ್ತೇವೆ ಎಂದು ಮಾತು ಕೊಟ್ಟು ಹೋದವರು. ನಾನು ಬಂದೆ. ನೀನು ಇನ್ನೊಂದೇ ವರ್ಷ ಎಂದೆ. ಮುಂದಿನ ವರ್ಷವೂ ಇನ್ನೊಂದೇ ವರ್ಷ ಎಂದೆ. ಆಮೇಲೆ ನೀನು ಹೇಳುವುದನ್ನೂ ಬಿಟ್ಟೆ, ನಾನು ಕೇಳುವುದನ್ನೂ ಬಿಟ್ಟೆ. ನಮ್ಮನ್ನು ಕೂಡಿಸಿದ್ದು ಹಿರಿಯರು, ಬಿಡಿಸಬೇಕಾದವರೂ ಅವರೇ. ಅವರನ್ನು ನೀನೂ ಕರೆಯಲಿಲ್ಲ, ನಾನೂ ಕರೆಯಲಿಲ್ಲ. ಅದಕ್ಕೇ ಗಾಶೆ ದಾಮ್ತೆವ್ ಅಷ್ಟು ಸಲೀಸಾಗಿ ನಿನ್ನ ಗಂಡನ್ನ ಕೊಡು ಎಂದರೇನೋ. ಊರಿನ ಲೆಕ್ಕದಲ್ಲಿ ನೀನಿನ್ನೂ ನನ್ನ ಗಂಡನೇ.

ನಾನು ಎರಡು ವರ್ಷ ಕೇಳುತ್ತಿರುವುದು ಲಾಕೆಚ್‌ಗಾಗಿ, ನುರೆದಿನ್‌ಗಾಗಿ. ಆ ಸಲ ನೀನು ಇಳಿದಿದ್ದ ಹೋಟೆಲಿನ ಎದುರು ಸಾಲಿನಲ್ಲಿ ಪ್ರಾಧ್ಯಾಪಕರ ವಸತಿಗೃಹ ಖಾಲಿ ಇದೆ, ಸೂರು ಸೋರುವುದಿಲ್ಲ. ಇದಕ್ಕಿಂತ ಹೆಚ್ಚು ನಾನೇನೂ ಕೇಳುತ್ತಿಲ್ಲ.

ಕೊನೆಗೂ ಆ ಮೂವರು ಕೂರಲಿಲ್ಲ. ನಾನು ಕಾಗದ ಬರೆಯುತ್ತೇನೆ ಎಂದೆ. ಕಾಗದಕ್ಕೆ ಕೂರಲ್ಲ, ಉತ್ತರಕ್ಕೆ ಕೂರ್ತೀವಿ ಎಂದು ಗಾಶೆ ಕೋಲು ಊರಿಕೊಂಡು ಹೊರಟೇಬಿಟ್ಟರು. ಹುರಿದ ಬೀಜ ಹಾಗೇ ಉಳಿಯಿತು. ಹುಲ್ಲು ಅಲ್ಲೇ ಒಣಗುತ್ತಿದೆ, ನಾನಿನ್ನೂ ಗುಡಿಸಿಲ್ಲ.

ವೊಯ್ನಶೆಟ್

ಮರೆತಿದ್ದೆ: ಉಪವಾಸ ಮುಗಿದು ಕ್ರಿಸ್ಮಸ್ ಕಳೆದ ಮೇಲೆ ಅವರು ಮತ್ತೆ ಬರುತ್ತಾರಂತೆ, ನಿನ್ನ ಉತ್ತರ ಕೇಳಲು. ಗಾಶೆಯ ಮಂಡಿ ನಿಜವಾಗಿಯೂ ಚೆನ್ನಾಗಿಲ್ಲ. ಹೂಂ ಅನ್ನು, ಇಲ್ಲ ಅನ್ನು, ಬೇಗ ಬರೆ.

* * *

ತಾಹ್ಸಾಸ್ ತಿಂಗಳ ಹದಿನೆಂಟು
(ಡಿಸೆಂಬರ್ ಎಂದು ಬರೆದು ಹೊಡೆದುಹಾಕಿದ್ದೇನೆ. ನಮ್ಮ ತಾರೀಖು ಯಾವುದೆಂದು ಇಲ್ಲಿನ ಚರ್ಚಿಗೆ ಫೋನ್ ಮಾಡಿ ಕೇಳಬೇಕಾಯಿತು.)

ಪ್ರೀತಿಯ ವೊಯ್ನಶೆಟ್,

ನೀನು ಬರೀ ಜೆರಿಹುನ್‌ಗೆ ಎಂದು ಬರೆದಿದ್ದೀಯ. ನಾನು ಪ್ರೀತಿಯ ಎಂದೇ ಬರೆಯುತ್ತೇನೆ. ಬೇಡವಾದರೆ ಹೊಡೆದುಹಾಕು.

ಪೂರ್ತಿ ಓದಿಯೇ ಕೋಪ ಮಾಡಿಕೊಂಡೆ. ಎರಡು ದಿನ ಚೆನ್ನಾಗಿ ಕೋಪವಿತ್ತು. ಆ ಉಪನ್ಯಾಸದ ಬಗ್ಗೆ ನಾನು ಇಲ್ಲಿ ಎಷ್ಟು ಜನರ ಹತ್ತಿರ ಕೊಚ್ಚಿಕೊಂಡಿದ್ದೇನೆಂದು ನಿನಗೆ ಗೊತ್ತಿಲ್ಲ. ಸಭಾಂಗಣದ ಚಪ್ಪಾಳೆಯ ವಿಡಿಯೋ ನನ್ನ ಫೋನಿನಲ್ಲಿದೆ. ನಿನ್ನ ಕಾಗದ ಓದಿದ ಮೇಲೆ ಮತ್ತೆ ಹಾಕಿ ನೋಡಿದೆ. ನುರೆದಿನ್ ಆಗಲಿ ಅನ್ನುವ ಮೊದಲು ಮೇಲಿನ ದೀಪ ನೋಡುತ್ತಾನೆ. ಅದೇ ಹೊತ್ತಿಗೆ ದೀಪ ಒಮ್ಮೆ ಮಿಣುಕುತ್ತದೆ. ಆವತ್ತು ನಾನು ಅದನ್ನು ಕಂಡೇ ಇಲ್ಲ.

ಅವನಿಗೆ ಫೋನ್ ಮಾಡಿದೆ. ಕ್ಷಮೆ ಕೇಳಿದರೆ, ಅಯ್ಯೋ ಪರವಾಗಿಲ್ಲ ಗಾಶೆ, ಬಹಳ ಕಲಿತೆ ಎಂದ. ಇನ್ನೂ ಮರ್ಯಾದೆಯನ್ನೇ ಮಾಡುತ್ತಿದ್ದಾನೆ. ಅವನಿಂದ ಒಂದು ಆಗಲ್ಲ ಹೊರಡಿಸುವುದಕ್ಕೆ ಎರಡು ವರ್ಷ ಬೇಕೇ ಬೇಕು, ನೀನು ಹೇಳಿದ್ದು ಸರಿ.

ಜನವರಿಯ ಎರಡು ವಾರವನ್ನು ರದ್ದುಮಾಡಿದ್ದೇನೆ. ಇಲ್ಲಿ ಎರಡು ವರ್ಷದ ರಜೆ ಕೇಳಿದೆ. ಒಂದಕ್ಕೆ ಒಪ್ಪಿದರು. ಮುಂದಿನ ವರ್ಷ ಅಲ್ಲಿಂದ ಇವರಿಗೆ ಬರೆಯುತ್ತೇನೆ, ಇನ್ನೊಂದೇ ವರ್ಷ ಎಂದು. ಆ ಮಾತು ಹೇಳುವುದು ನನಗೆ ಚೆನ್ನಾಗಿ ರೂಢಿಯಿದೆ. ಅವರು ಕೊಡದಿದ್ದರೆ ಕೆಲಸ ಬಿಡುತ್ತೇನೆ. ಇದನ್ನು ಹುಮ್ಮಸ್ಸಿನಲ್ಲಿ ಬರೆಯುತ್ತಿಲ್ಲ, ಭಯದಿಂದಲೇ ಬರೆಯುತ್ತಿದ್ದೇನೆ. ಎರಡು ವರ್ಷಕ್ಕೇ ಸಹಿ ಹಾಕಿದ ಕಾಗದ ಡೀನ್‌ಗೆ ಇವತ್ತೇ ಹೋಗಿದೆ. ಈಸ್ಟರಿಗೆ ಮುಂಚೆ ನಾನೂ ಅಲ್ಲಿರುತ್ತೇನೆ. ಲಾಕೆಚ್‌ಗೆ ಹೇಳು, ಗಿಡಗಳನ್ನು ಎಲ್ಲಿಗೂ ಸಾಗಿಸಬೇಕಾಗಿಲ್ಲ. ಶೆಮ್ಸುವಿಗೆ ಹೇಳು, ಈ ಸಲ ಕ್ಯಾಮೆರಾ ಇಲ್ಲದೆ ಬರುತ್ತೇನೆ, ಗುದ್ದಲಿ ಅವನೇ ಕೊಡಲಿ.

ಕಾಫಿಯ ವಿಷಯ. ಕಾರು ಕಾಯುತ್ತಿರಲಿಲ್ಲ. ಡ್ರೈವರನಿಗೆ ಸಂಜೆ ಬಾ ಎಂದು ನಾನೇ ಹೇಳಿದ್ದೆ. ನಾವು ಹೋಟೆಲಿನವರೆಗೂ ನಡೆದೇ ಹೋದೆವು. ಆ ಮನೆಯ ಬಾಗಿಲಿಗೆ ಹಸಿರು ಬಣ್ಣ ಬಳಿದವನು ನಾನು. ಆ ಒಲೆಯ ಕಾಲು ಮುರಿದಾಗ ಕಲ್ಲು ಕೊಟ್ಟು ನಿಲ್ಲಿಸಿದವನು ನಾನು, ಆ ಕಲ್ಲು ಇನ್ನೂ ಅಲ್ಲೇ ಇತ್ತು. ಅಲ್ಲಿ ನೀನು ನನ್ನನ್ನು ಒಳ್ಳೆಯ ಮಣೆಯ ಮೇಲೆ ಕೂರಿಸಿ, ಎರಡೂ ಕೈಯಲ್ಲಿ ಹಿಡಿದು, ಡೀನ್‌ಗಿಂತ ಮೊದಲು ನನಗೆ ಬಟ್ಟಲು ಕೊಟ್ಟೆ. ಮನೆಯವನಿಗೆ ಯಾರೂ ಮೊದಲ ಬಟ್ಟಲು ಕೊಡುವುದಿಲ್ಲ, ವೊಯ್ನಶೆಟ್. ಅದನ್ನು ಕುಡಿದ ಮೇಲೆ ಅಲ್ಲಿ ಕೂರಲು ನನ್ನಿಂದಾಗಲಿಲ್ಲ. ನೀನು ಬೇಕೆಂದೇ ಹಾಗೆ ಮಾಡಿದೆ ಎಂದು ನಾನು ಇಷ್ಟು ದಿನ ನಂಬಿದ್ದೆ. ನೀನು ಉಳಿದದ್ದನ್ನು ಒಬ್ಬಳೇ ಕುಡಿದೆ ಎಂದು ಓದಿದಾಗ ನನಗೆ ಬಹಳ ಸಂಕಟವಾಯಿತು.

ವಸತಿಗೃಹದ ಕೀಲಿ ಸದ್ಯ ನಿನ್ನ ಹತ್ತಿರವೇ ಇರಲಿ. ಸೂರು ಸೋರುತ್ತದೋ ಇಲ್ಲವೋ ಬಂದು ನೋಡಿ ತೀರ್ಮಾನಿಸೋಣ. ನೀನು ಹೇಳಿದಂತೆ ಕೇಳುತ್ತೇನೆ. ಹೇಗೂ ರಜೆಯ ಅರ್ಜಿ ನಿನ್ನ ಮೇಜಿಗೇ ಬರುತ್ತದಲ್ಲ.

ನಿನ್ನ,
ಜೆರಿಹುನ್

ಮತ್ತೆ: ನಿನ್ನ ಕಾಗದದ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ. ಹಿರಿಯರು ಹೇಳದೆ ಕೇಳದೆ ಬಂದರು ಎಂದಿದ್ದೀಯ. ಅದರ ಕೆಳಗೇ ನೆಲಕ್ಕೆ ಹಸಿ ಹುಲ್ಲು ಹಾಸಿತ್ತು, ನಾಲ್ಕು ಮಣೆ ಇಟ್ಟಿತ್ತು, ಕೆಂಡ ಸಿದ್ಧವಿತ್ತು ಎಂದೂ ಇದೆ. ಹಬ್ಬವಲ್ಲ, ಹುಣ್ಣಿಮೆಯಲ್ಲ, ಉಪವಾಸದ ತಿಂಗಳ ಮಂಗಳವಾರ. ಒಬ್ಬಳೇ ಇರುವವಳು ಬೆಳ್ಳಂಬೆಳಿಗ್ಗೆ ಸಂತೆಗೆ ಹೋಗಿ ಯಾರಿಗಾಗಿ ಹುಲ್ಲು ತಂದಳು? ಹುಲ್ಲು ಹಾಸಿದವಳೇ ಹಿರಿಯರನ್ನೂ ಕರೆಸಿಕೊಂಡಿದ್ದಾಳೆ ಎಂದುಕೊಂಡಿದ್ದೇನೆ. ತಪ್ಪಿದ್ದರೆ ತಿದ್ದು, ಮೇಷ್ಟ್ರು ನೀನು. ತಪ್ಪಿಲ್ಲದಿದ್ದರೆ ಆ ಒಣಹುಲ್ಲು ಗುಡಿಸಿ ಹೊಸದು ಹಾಸು, ಗಾಶೆಗೆ ಮಂಡಿ ನೋವು, ಅವರಿಗೆ ಇನ್ನು ಕೂರಲು ಹೇಳು.